ಮಾಯುವುದಕ್ಕೂ ಅದೇ ಬೇರು

ಮೊನ್ನೆ ನೆರೆಮನೆಯ ಮಗುವಿನ ಮೊಣಕಾಲಿಗೆ ಪಟ್ಟಿ ಕಟ್ಟುವಾಗ ಅಯೋಡೋಫಾರ್ಮ್ ಪುಡಿಯ ಘಾಟು ಮೂಗಿಗೆ ಬಡಿಯಿತು. ಬಲ್ಮಠದ ಗುಡ್ಡದ ಮಿಶನ್ನಿನಿಂದ ಇಳಿದು ನಮ್ಮ ಮನೆಗೆ ಬರುತ್ತಿದ್ದ ಆ ಜರ್ಮನ್ ನರ್ಸಮ್ಮ ನೆನಪಾದರು...

ಮೊದಲ ಯುದ್ಧದ ಹಿಂದಿನ ವರ್ಷ. ನನಗೆ ಹದಿನೆಂಟು. ಅಮ್ಮನ ಬಲಗಾಲಿನ ಹುಣ್ಣು ಎರಡು ಮಳೆಗಾಲ ಕಳೆದರೂ ಮಾಯ್ದಿರಲಿಲ್ಲ. ಒಸರುವ ಹುಣ್ಣಿನವಳು ದೈವದ ಕೋಣೆಗೆ ಕಾಲಿಡಬಾರದೆಂದು ಅಜ್ಜಿ ಹೇಳಿದ್ದರು. ಅಷ್ಟು ವರ್ಷ ಅಲ್ಲಿ ದೀಪ ಇಟ್ಟವರು ಅಮ್ಮನೇ. ಈಗ ನಾನು ಬತ್ತಿ ಹೊಸೆದು ಒಳಗೆ ಹೋದರೆ, ಅವರು ಚಾವಡಿಯ ಕಂಬಕ್ಕೆ ಒರಗಿ, ಎಣ್ಣೆ ಸಾಕಾ ಎಂದು ಹೊರಗಿನಿಂದಲೇ ಕೇಳುತ್ತಿದ್ದರು. ನೋವಿಗಿಂತ ಹೆಚ್ಚು ಅದೇ ಅವರನ್ನು ಕೊರೆಯುತ್ತಿತ್ತು.

ನರ್ಸಮ್ಮ ವಾರಕ್ಕೆರಡು ಸಲ ಬಂದು, ನೆಲದ ಮೇಲೆಯೇ ಕೂತು, ಅಮ್ಮನ ಕಾಲನ್ನು ತಮ್ಮ ಮಡಿಲಿಗೆ ಎಳೆದುಕೊಳ್ಳುತ್ತಿದ್ದರು. ಅವರದ್ದು ಪುಸ್ತಕದ ತುಳು ಎಂದು ಅಮ್ಮ ನಗುತ್ತಿದ್ದರು. ತನ್ನನ್ನು ಮುಟ್ಟಿದ್ದಕ್ಕೆ ಮನೆಗೆ ಹೋಗಿ ಮೀಯುತ್ತೀರಾ ಎಂದು ಅಮ್ಮ ಒಮ್ಮೆ ಕೇಳಿದರು. ಕೈ ತೊಳೆದು ಊಟ ಮಾಡುತ್ತೇನೆ ಎಂದರು ನರ್ಸಮ್ಮ. ಹಾಗೆ ಮಾತು ಪವಿತ್ರದ ಕಡೆ ತಿರುಗಿತು. ತಮ್ಮ ಭಾಷೆಯಲ್ಲಿ ಅದಕ್ಕೆ ‘ಹೈಲಿಗ್’ ಎನ್ನುತ್ತಾರೆ, ‘ಹೈಲ್’ ಎಂಬ ಹಳೆಯ ಮಾತಿನಿಂದ ಬಂದದ್ದು, ಹಾಗೆಂದರೆ ಊನವಿಲ್ಲದೆ ಇಡಿಯಾಗಿ ಇರುವುದು ಎಂದು ವಿವರಿಸಿದರು.

ಅಮ್ಮನ ಮುಖ ಸಪ್ಪಗಾಯಿತು. "ಹಾಗಾದರೆ ಒಡೆದ ಕಾಲಿನವಳಿಗೆ ನಿಮ್ಮಲ್ಲಿಯೂ ಬಾಗಿಲ ಹೊರಗೇ ಜಾಗ ಅಲ್ವಾ ಮಾರಾಯ್ತಿ?"

ನರ್ಸಮ್ಮ ಕಾಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

"ಇಲ್ಲ ಅಕ್ಕ. ಹುಣ್ಣು ಮಾಯಿಸುವುದಕ್ಕೆ ನಾವು ಹೈಲೆನ್ ಅಂತೇವೆ. ಎರಡೂ ಒಂದೇ ಬೇರಿನವು. ಒಡೆದದ್ದನ್ನು ಮುಟ್ಟದೆ ಮಾಯಿಸ್ಲಿಕ್ಕೆ ಆಗ್ತದಾ?"

ಅಜ್ಜಿ ಒಳಗಿನಿಂದ ಕೇಳಿಸಿಕೊಂಡರು. ಆದರೆ ಕಟ್ಟಳೆಯನ್ನೇನೂ ಸಡಿಲಿಸಲಿಲ್ಲ.

ಮರುವರ್ಷ ಯುದ್ಧ ಬಂತು. ಜರ್ಮನಿಯವರೆಲ್ಲ ಊರು ಬಿಡಬೇಕೆಂದು ಸರಕಾರದ ಹುಕುಂ ಆಯಿತು. ಹೊರಡುವ ದಿನ ಬೆಳಿಗ್ಗೆಯೂ ನರ್ಸಮ್ಮ ಬಂದರು. ಹುಣ್ಣು ಹುಣಸೆಬೀಜದಷ್ಟು ಉಳಿದಿತ್ತು. ಅಂದು ಪಟ್ಟಿಯನ್ನು ನನ್ನಿಂದ ಕಟ್ಟಿಸಿದರು, ಸಡಿಲವಾಯಿತೆಂದು ಬಿಚ್ಚಿಸಿ ಮತ್ತೆ ಕಟ್ಟಿಸಿದರು. ತಮ್ಮೂರಿನ ವಿಳಾಸದ ಚೀಟಿ ಕೊಟ್ಟು, ಪೂರ್ತಿ ಮಾಯ್ದ ಮೇಲೆ ಬರೆಯಬೇಕು ಎಂದರು. ಅಮ್ಮ ಹಿಡಿದ ಕೈ ಬಿಡಲಿಲ್ಲ, ನಾನೇ ಬಿಡಿಸಬೇಕಾಯಿತು.

ಸುಗ್ಗಿಯ ಹೊತ್ತಿಗೆ ಕಾಲು ಮಾಯಿತು. ಅಮ್ಮ ಮಿಂದು, ಒಳಗೆ ಹೋಗಿ ದೀಪ ಇಟ್ಟರು. ನಾನು ಬರೆದ ಕಾಗದ ಮಾತ್ರ ಹಿಂದಕ್ಕೆ ಬಂತು. ಯುದ್ಧ ಮುಗಿದ ಮೇಲೆ ಬರೆದದ್ದಕ್ಕೂ ಉತ್ತರವಿಲ್ಲ...

ಅಮ್ಮ ತೀರಿಕೊಂಡು ಒಂಬತ್ತು ವರ್ಷವಾಯಿತು. ಈಗ ಮತ್ತೊಂದು ಯುದ್ಧ, ಆ ದೇಶಕ್ಕೆ ಟಪಾಲು ಹೋಗುವುದಿಲ್ಲ. ನರ್ಸಮ್ಮ ಇದ್ದರೆ ಎಪ್ಪತ್ತು ದಾಟಿರಬೇಕು. ಅಮ್ಮನ ಕಾಲು ಮಾಯಿತೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.