ಬೆಳಕಿಂಡಿಯ ಕೆಳಗಿನ ವೈರು

ಕಾದ ಬೆಸುಗೆ ಕಡ್ಡಿಯ ತುದಿಗೆ ರಾಳ ತಾಕಿದಾಗ ಎಳೆಯಾಗಿ ಒಂದು ಹೊಗೆ ಏಳುತ್ತದಲ್ಲ, ಅದರ ವಾಸನೆ ನನಗೆ ಅನ್ನ ಕೊಟ್ಟ ವಾಸನೆ. ಬಸವನ ಬಾಗೇವಾಡಿಯಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟಾಂವ ನಾನು. ಸುಟ್ಟ ಮೋಟರು ಬಿಚ್ಚಿ, ಹೊಸ ತಾಮ್ರ ಸುತ್ತಿ, ನಿಂತ ಬಾವಿಯ ನೀರನ್ನು ಮತ್ತೆ ಹೊಲಕ್ಕೆ ಹರಿಸುವ ಕೆಲಸವನ್ನು ಕೈಸುಟ್ಟುಕೊಂಡೇ ಕಲಿತಿದ್ದೇನೆ, ಆ ಮಾತಿಗೆ ಎದೆ ಉಬ್ಬಿಸಿಯೇ ನಿಲ್ಲುತ್ತೇನೆ. ಆದರೆ ದೊಡ್ಡ ಮೋಟರಿನ ಕೆಲಸದಲ್ಲಿ ಆಗದ್ದು ಸಣ್ಣ ವೈರಿನ ಕೆಲಸದಲ್ಲಿ ಆಗುತ್ತದೆ. ಕೂದಲಿನಷ್ಟು ತೆಳ್ಳಗಿನ ಎಳೆಗಳನ್ನು ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಎಂದು ಕೂಡಿಸುವಾಗ ಆ ಹೊಗೆ ಮೂಗಿಗೆ ಬಡಿದರೆ ಕೈ ಒಂದು ಗಳಿಗೆ ನಿಂತುಬಿಡುತ್ತದೆ. ಹೊಗೆಯ ಆಚೆ ಒಂದು ಪಡಸಾಲಿ ಕಾಣುತ್ತದೆ, ಅದರ ನೆಲದ ಮೇಲೆ ರೊಟ್ಟಿಯಷ್ಟು ಅಗಲದ ಒಂದು ಬಿಸಿಲು. ಆ ಪಡಸಾಲಿ ಈಗ ಕೃಷ್ಣೆಯ ಹಿನ್ನೀರಿನೊಳಗಿದೆ. ನಿಮ್ಮ ಮನೆ ನೀರಿನಲ್ಲಿ ಹೋಗಿರಲಿಕ್ಕಿಲ್ಲ. ಆದರೂ ಕಣ್ಣು ಮುಚ್ಚಿದರೆ ನಡೆದಾಡಲು ಬರುವಂಥ, ಕಣ್ಣು ತೆರೆದರೆ ಇಲ್ಲದಂಥ ಮನೆಯೊಂದು ನಿಮಗೂ ಇದ್ದೀತು.

ಹಳೇ ಕೊಲ್ಹಾರದ ನಮ್ಮದು ಮಣ್ಣಿನ ಮಾಳಿಗೆ ಮನೆ. ಗೋಡೆ ಎಷ್ಟು ದಪ್ಪ ಅಂದರೆ ಕಿಟಕಿಯ ಹೊಟ್ಟೆಯಲ್ಲಿ ಹುಡುಗರು ಕಾಲು ಮಡಚಿ ಮಲಗಬಹುದಿತ್ತು. ಬ್ಯಾಸಗಿಯ ಮಧ್ಯಾಹ್ನ ಹೊರಗೆ ಬೆಂಕಿ ಸುರಿಯುತ್ತಿದ್ದರೂ ಒಳಗೆ ಸಗಣಿ ಸಾರಿಸಿದ ನೆಲ ತಣ್ಣಗೆ ಬೆನ್ನಿಗೆ ಹತ್ತುತ್ತಿತ್ತು. ದೊಡ್ಡಪ್ಪ, ಅಪ್ಪ, ಇಬ್ಬರ ಸಂಸಾರ, ಎಲ್ಲರ ಮೇಲೆ ಅಜ್ಜ. ಒಲಿ ಒಂದೇ. ಅಜ್ಜನ ಊರಿಗೇ ಗೊತ್ತಿದ್ದ ಗುಣ ಅಂದರೆ ಸಮ ಮಾಡುವುದು. ಬೆಲ್ಲದ ಹೆಂಟೆ ಒಡೆದರೂ, ಶೇಂಗಾ ಹಂಚಿದರೂ, ಊರಲ್ಲಿ ಅಣ್ತಮ್ಮರು ಬ್ಯಾರೆ ಆಗುವಾಗ ಪಂಚರಾಗಿ ಕುಂತರೂ ಅವನದು ಒಂದೇ ನೇಮ: ದೊಡ್ಡಾಂವ ಪಾಲು ಮಾಡಬೇಕು, ಸಣ್ಣಾಂವ ಮೊದಲು ಆರಿಸಿಕೊಳ್ಳಬೇಕು. ಹಾಗೆ ಮಾಡಿದರೆ ಪಾಲು ಮಾಡುವವನ ಕೈ ತಾನಾಗಿ ನೆಟ್ಟಗಾಗುತ್ತದೆ ಎನ್ನುತ್ತಿದ್ದ. ಕಣ್ಣು ಮಂಜಾದ ಮೇಲೂ ಬೆರಳಿನಿಂದ ತಡವಿ, ಗೇಣಿನಿಂದ ಅಳೆದು ಸಮ ಮಾಡುತ್ತಿದ್ದ.

ಆ ಮನೆಗೆ ಆಟದ ಮಷಿನ್ನು ತಂದವನು ದೊಡ್ಡವ್ವನ ತಮ್ಮ. ಮುಂಬೈಯಲ್ಲಿ ಹಡಗಿನ ಸಾಮಾನು ಇಳಿಸುವ ಕೆಲಸ ಅವನದು. ಒಂದು ದೀಪಾವಳಿಗೆ ಬಂದಾಗ ಯಾರೋ ಆಡಿ ಬಿಟ್ಟ ಎರಡು ಕೈಮಷಿನ್ನು, ಅವುಗಳೊಳಗೆ ಹಾಕುವ ಎರಡು ಆಟದ ಕ್ಯಾಸೆಟ್ಟು, ನಡುವೆ ಹಚ್ಚಲು ಒಂದು ವೈರು ತಂದು ನನಗೊಂದು, ದೊಡ್ಡಪ್ಪನ ಮಗ ಮಲ್ಲಣ್ಣನಿಗೊಂದು ಕೊಟ್ಟ. ಮಲ್ಲಣ್ಣ ನನಗಿಂತ ಎರಡು ವರ್ಷ ದೊಡ್ಡವನು. ಆಟದೊಳಗೆ ಹುಲ್ಲಿನಲ್ಲಿ, ಗವಿಯಲ್ಲಿ, ಕೆರೆಯಲ್ಲಿ ತಿರುಗಿ ವಿಚಿತ್ರ ಪ್ರಾಣಿಗಳನ್ನು ಹಿಡಿಯಬೇಕು, ಸಾಕಬೇಕು, ಬಲ ಬರಿಸಬೇಕು. ಆಮೇಲೆ ವೈರು ಹಚ್ಚಿದರೆ ನನ್ನ ಪ್ರಾಣಿಗಳು ಅವನ ಪ್ರಾಣಿಗಳ ಜೊತೆ ಕಾದಾಡುತ್ತವೆ. ಅದರ ಇಂಗ್ಲಿಷು ನಮಗೆ ಓದಲು ಬರುತ್ತಿರಲಿಲ್ಲ. ಯಾವ ಹೆಸರು ಒತ್ತಿದರೆ ನಿದ್ದೆ ಬರುತ್ತದೆ, ಯಾವುದಕ್ಕೆ ವಿಷ ಏರುತ್ತದೆ ಎಂಬುದನ್ನು ಅಕ್ಷರದ ಆಕಾರ ನೋಡಿ ನೆನಪಿಟ್ಟಿದ್ದೆವು. ಪ್ರಾಣಿಗಳಿಗೆ ನಾವೇ ಹೆಸರಿಟ್ಟಿದ್ದೆವು. ಅವನ ಬೆಂಕಿ ಹಕ್ಕಿ ಕೆಂಚ, ನನ್ನ ನಿಧಾನದ ಕೆಸರಿನ ಪ್ರಾಣಿ ಮಡ್ಡ. ಸೆಲ್ಲು ಇಳಿದರೆ ಮಾಳಿಗೆಯ ಮೇಲೆ ಬಿಸಿಲಿಗೆ ಒಣಹಾಕುತ್ತಿದ್ದೆವು. ಅವ್ವ ಅಲ್ಲೇ ಒಣಹಾಕಿದ ಮೆಣಸಿನಕಾಯಿಯ ಘಾಟು ಸೆಲ್ಲಿಗೂ ಹತ್ತಿರುತ್ತಿತ್ತು. ಮಷಿನ್ನಿನ ಪರದೆಗೆ ತನ್ನದೇ ಬೆಳಕಿರಲಿಲ್ಲ. ಪಡಸಾಲಿಯ ಮಾಳಿಗೆಯಲ್ಲಿದ್ದ ಬೆಳಕಿಂಡಿಯಿಂದ ಬೀಳುವ ಬಿಸಿಲಿನೊಳಗೆ ಇಬ್ಬರೂ ತಲೆಗೆ ತಲೆ ಹಚ್ಚಿ ಕೂಡಬೇಕು. ಬಿಸಿಲು ಸರಿದಂತೆ ನಾವೂ ಕುಂಡಿ ಎಳೆಯುತ್ತ ಸರಿಯಬೇಕು. ಹಾಗೆ ಸರಿಯುತ್ತ ಸರಿಯುತ್ತ ಬೀಸುಕಲ್ಲಿನ ಹತ್ತಿರ ಶುರುವಾದ ಜಗಳ ಬಾಗಿಲ ಹೊಸ್ತಿಲಿಗೆ ಬಂದು ಮುಗಿಯುತ್ತಿತ್ತು.

ಮುಗಿಯುವುದೆಂದರೆ ನಾನು ಸೋಲುವುದು. ಒಮ್ಮೆಯಾದರೂ ಗೆದ್ದೆ ಅನ್ನುವ ಹಾಗಿಲ್ಲ. ಕೆಂಚನಿಗೆ ನೀರಿನ ಪ್ರಾಣಿ ತಂದರೆ ಆಗುತ್ತದೆ ಎಂದು ನಾನು ತರುವಷ್ಟರಲ್ಲಿ ಮಲ್ಲಣ್ಣ ಕೆಂಚನನ್ನು ಒಳಗೆ ಕರೆದು ಸಿಡಿಲಿನದನ್ನು ನಿಲ್ಲಿಸಿರುತ್ತಿದ್ದ. ನನ್ನ ಮನಸ್ಸಿನಲ್ಲಿದ್ದದ್ದು ನನಗಿಂತ ಮೊದಲು ಅವನಿಗೆ ಗೊತ್ತಿರುತ್ತಿತ್ತು. "ಹೆಂಗ ಗೊತ್ತಾತೋ ಮಲ್ಲಣ್ಣಾ?" ಎಂದು ಅಳುಮಾರಿ ಮಾಡಿದರೆ, "ಲೇ ಶಿವ್ಯಾ, ಆಟ ನಾ ಮಷಿನ್ನ್ಯಾಗ ನೋಡೂದಿಲ್ಲ, ನಿನ್ನ ಮಾರ್ಯಾಗ ನೋಡ್ತೇನಿ. ನೀರಿಂದ ತರೂಮುಂದ ಕೆಳಗಿನ ತುಟಿ ಕಡೀತೀದಿ," ಎಂದು ನಗುತ್ತಿದ್ದ. ಸೋತರೂ ಆ ಆಟದಲ್ಲಿ ಒಂದು ಸಮಾಧಾನವಿತ್ತು. ವೈರು ಹಚ್ಚಿ ಆಡಿದ ಜಗಳದಲ್ಲಿ ಬಿದ್ದ ಪ್ರಾಣಿ ನಿಜವಾಗಿ ಬೀಳುತ್ತಿರಲಿಲ್ಲ. ಆಟ ಮುಗಿದು ವೈರು ಕಿತ್ತರೆ ಎಲ್ಲವೂ ಗಾಯ ಮಾಯ್ದು, ಮೊದಲಿನ ಹಾಗೆ ಎದ್ದು ನಿಂತಿರುತ್ತಿದ್ದವು.

ದೊಡ್ಡವರ ಜಗಳ ಹಾಗಿರಲಿಲ್ಲ. ಆಲಮಟ್ಟಿಯ ನೀರು ಏರುತ್ತದೆ, ಊರು ಎತ್ತಬೇಕು ಎಂಬ ಮಾತು ಬಹಳ ದಿನದಿಂದ ಇತ್ತು. ಅದು ನಿಜವೇ ಆದಾಗ ಅಪ್ಪ ಹೊಸ ಕೊಲ್ಹಾರದಲ್ಲೇ ಮನೆ ಕಟ್ಟೋಣ ಅಂದ. ದೊಡ್ಡಪ್ಪ ಮುದ್ದೇಬಿಹಾಳಕ್ಕೆ, ದೊಡ್ಡವ್ವನ ತವರಿಗೆ ಹೋಗಿ ಹಿಟ್ಟಿನ ಗಿರಣಿ ಹಾಕುತ್ತೇನೆ ಅಂದ. ಅಲ್ಲಿಂದ ಶುರುವಾದದ್ದು ಯಾರು ಯಾವಾಗ ಏನು ಅಂದಿದ್ದರು ಎನ್ನುವ ತನಕ ಹೋಯಿತು. ಒಂದೇ ಒಲಿಯ ಮೇಲೆ ಎರಡು ಸಾರು ಕುದಿಯತೊಡಗಿದವು. ಅಜ್ಜ ಪಾಲಿಗೆ ಕುಂತ. ಬಾಗಿಲು, ತೊಲಿ, ಜಂತಿ, ಹಂಡೆ, ಕೊಡ, ಎತ್ತಿನ ಗಂಟೆಸರದ ಗಂಟೆಗಳನ್ನು ಕೂಡ ಸಮ ಮಾಡಿದ. ಊರಿನ ತುಂಬ ಅದೇ ಕೆಲಸ. ಮನೆಗಳ ಬಾಗಿಲು ಕಿತ್ತು ಟ್ರ್ಯಾಕ್ಟರಿಗೆ ಏರಿಸುತ್ತಿದ್ದರು, ಬಾಗಿಲಿಲ್ಲದ ಮನೆಗಳು ಬಾಯಿ ತೆರೆದು ನಿಂತಿದ್ದವು.

ದೊಡ್ಡಪ್ಪನ ಸಾಮಾನು ಹೊರಡುವ ದಿನ ಮಲ್ಲಣ್ಣ ಬಂದು, "ಬಾರಲೇ, ಕಡೇದ್ದೊಂದು ಆಡೂನು," ಅಂದ. ಪಡಸಾಲಿ ಖಾಲಿಯಾಗಿತ್ತು, ಮಾತಾಡಿದರೆ ಗೋಡೆ ಮಾತಾಡಿದಂತೆ ಕೇಳುತ್ತಿತ್ತು. ಬೆಳಕಿಂಡಿಯ ಕೆಳಗೆ ಕುಂತೆವು. ನಾನು ಅಜ್ಜ ಹೆಗಲಿಗೆ ಹಾಕುವ ವಲ್ಲಿಯನ್ನು ತಲೆಯ ಮೇಲಿಂದ ಮಾರಿಗೆ ಇಳಿಬಿಟ್ಟು ಅದರೊಳಗೆ ಮಷಿನ್ನು ಹಿಡಿದೆ, ಬಿಸಿಲಿಗಾಗಿ ಒಂದು ಸಂದು ಮಾತ್ರ ಬಿಟ್ಟು. "ಏನಲೇ, ಹೊಸಾ ಸೊಸಿಗತೆ ಸೆರಗ ಹೊತ್ತೀದಿ!" ಎಂದು ಅವನು ನಕ್ಕ. ಆದರೆ ಮಾರಿ ಕಾಣದೆ ಅವನ ಆಟ ಕೆಟ್ಟಿತು. ಸಿಡಿಲಿನದನ್ನು ತಂದಾಗ ನನ್ನದು ಮಣ್ಣಿನದಿತ್ತು, ಹುಲ್ಲಿನದು ತಂದಾಗ ವಿಷದ್ದಿತ್ತು. ಅವನ ನಗು ನಿಂತಿತು. ಕೊನೆಗೆ ಅವನ ಕಡೆ ಉಳಿದದ್ದು ಕೆಂಚ ಒಂದೇ, ನನ್ನ ಕಡೆ ಮಡ್ಡ ಒಂದೇ. ಕೆಂಚನಿಗೆ ನಾನು ನಿದ್ದೆ ಹತ್ತಿಸಿದ್ದೆ. ಮಡ್ಡನ ಜೀವ ನೂಲಿನಷ್ಟು ಉಳಿದಿತ್ತು. ಕೆಂಚ ಎದ್ದರೆ ನಾನು ಹೋದೆ, ಏಳದಿದ್ದರೆ ಇನ್ನೊಂದು ಏಟಿಗೆ ಅವನು ಹೋದ. ವಲ್ಲಿಯೊಳಗೆ ನನ್ನ ಉಸಿರು ಬಿಸಿಯಾಗಿತ್ತು.

ಆಗ ದೊಡ್ಡವ್ವ ಬಂದಳು. "ಮಲ್ಲೂ, ಟ್ಯಾಕ್ಟರ್ ಹೊಂಟೈತಿ. ಆ ವೈರ್ ತಗೊಂಡ ಏಳು." ನಮ್ಮವ್ವ ಅಡಿಗೆಮನೆಯಿಂದ, "ವೈರ್ ಯಾಕ್ರಿ ಅಕ್ಕಾ? ಅದು ಇಬ್ಬರಿಗೂ ಕೊಟ್ಟಿದ್ದಲ್ಲ?" ಅಂದಳು. "ತಂದಾಂವ ನನ್ನ ತಮ್ಮ." "ತಮ್ಮ ತಂದಾನಂತ ಹುಡುಗೂರ ಕೈಯಾಂದು ಕಸಗೊಂತೀರೇನು?" "ಒಂದ ವೈರಿಗೆ ಇಷ್ಟ ಮಾತಾಡ್ತೀದಿ, ನಿಮ್ಮ ಮನಸ್ಸಿನ್ಯಾಗ ಇನ್ನೇನೇನ ಐತೋ!" ಮಾತು ಬೆಳೆಯಿತು. ಅಪ್ಪ, ದೊಡ್ಡಪ್ಪ ಇಬ್ಬರೂ ಒಳಗೆ ಬಂದರು. ನಾವು "ಒಂದ ಏಟು, ಒಂದಽ ಏಟು ಉಳದೈತಿ" ಎಂದು ಕೂಗುತ್ತಿದ್ದದ್ದು ಯಾರಿಗೂ ಕೇಳಲಿಲ್ಲ.

ಅಜ್ಜ ಕಟ್ಟೆಯ ಮೇಲಿಂದ ಗೋಡೆ ತಡವುತ್ತ ಬಂದ. ಅವನ ಕೈಯಲ್ಲಿ ಹಗ್ಗ ಕೊಯ್ಯುತ್ತಿದ್ದ ಕುಡಗೋಲಿತ್ತು. "ಎಲ್ಲಿ ಆ ವೈರು?" ಅಂದ. ನಮ್ಮ ನಡುವೆ ಬಗ್ಗಿ, ಬೆರಳಿನಿಂದ ಹುಡುಕಿ, ಎರಡೂ ತುದಿ ಕೂಡಿಸಿ ನಡು ಹಿಡಿದ. ಅವನು ಏನು ಮಾಡುತ್ತಾನೆಂದು ತಿಳಿಯುವ ಮೊದಲೇ ಅಲ್ಲಿಗೆ ಕುಡಗೋಲು ಇಟ್ಟು ಒಮ್ಮೆ ಎಳೆದ. ಎರಡು ಪರದೆಯ ಮೇಲೂ ಪ್ರಾಣಿಗಳು ಇದ್ದಲ್ಲೇ ನಿಂತವು. "ಜಂತೀ ಪಾಲ ಮಾಡೇನಿ, ಗಂಟೀ ಪಾಲ ಮಾಡೇನಿ. ಈ ಹುಡುಗೂರ ಸಲುವಾಗಿ ಮನಿ ಬಿಡೂ ದಿನ ನೀವು ಬಡಿದಾಡಬ್ಯಾಡ್ರಿ," ಎಂದು, ಮಷಿನ್ನಿನಿಂದ ಕಿತ್ತ ಎರಡು ತುಂಡನ್ನು ಎರಡು ಅಂಗೈಯಲ್ಲಿ ಇಟ್ಟುಕೊಂಡು ನನ್ನ ಕಡೆ ಚಾಚಿದ. "ಶಿವೂ, ನೀ ಸಣ್ಣಾಂವ. ಮೊದಲ ನೀ ಆರಿಸ್ಕೊ."

ನಾನು ಮಲ್ಲಣ್ಣನ ಮಾರಿ ನೋಡಿದೆ. ಅವನು ತುಟಿ ಕಡಿಯುತ್ತಿದ್ದ. ಅಜ್ಜನ ಮಾರಿಯ ಮೇಲೆ ಪಾಲು ಸರಿಯಾಗಿ ಮಾಡಿದವನ ನೆಮ್ಮದಿ ಇತ್ತು. ನಾನು ಒಂದನ್ನು ತಗೊಂಡೆ, ಮಲ್ಲಣ್ಣ ಇನ್ನೊಂದನ್ನು. ಟ್ರ್ಯಾಕ್ಟರಿನ ಮೇಲೆ ನಮ್ಮ ನಡುಮನೆಯ ಬಾಗಿಲಿಗೆ ಆತು ಕುಂತು ಅವನು ಹೋದ.

ಹೊಸ ಕೊಲ್ಹಾರದ ಪತ್ರಾಸಿನ ತಗಡು ಹೊದಿಸಿದ ಮನೆಯಲ್ಲಿ ನನಗೆ ಸಾಲಿ ಹತ್ತಲಿಲ್ಲ. ಒಂದು ದಿನ ನನ್ನ ಪಾಲಿನ ವೈರನ್ನು ಕಿಸೆಯಲ್ಲಿಟ್ಟುಕೊಂಡು ಬಾಗೇವಾಡಿಯ ರಿವೈಂಡಿಂಗ್ ಅಂಗಡಿಗೆ ಹೋದೆ. ಅಲ್ಲಿನ ಉಸ್ತಾದರು ತುದಿ ಕೆರೆದು ಒಳಗಿನ ಬಣ್ಣದ ಎಳೆಗಳನ್ನು ನೋಡಿ, "ಇನ್ನರ್ಧಾ ಎಲ್ಲೈತಿ?" ಎಂದು ಕೇಳಿದರು. "ಮುದ್ದೇಬಿಹಾಳದಾಗ ಐತ್ರಿ." "ಹಂಗಾರ ಇದನ್ನ ಗಾಳಿಗೆ ಕೂಡಸ್ಲೇನು? ಅದನ್ನ ತಗೊಂಡ ಬಾ ಹೋಗು." ನಾನು ಹೋಗಲಿಲ್ಲ. ಅವರು ಬೆಸುಗೆ ಹಾಕುವುದನ್ನು ನೋಡುತ್ತ ನಿಂತೆ. ಮರುದಿನವೂ ನಿಂತೆ. ಕೊನೆಗೆ ಸಾಲಿಯನ್ನೇ ಬಿಟ್ಟು ಅಲ್ಲೇ ಕೆಲಸಕ್ಕೆ ನಿಂತೆ. ಅಪ್ಪ ಮತ್ತು ದೊಡ್ಡಪ್ಪ ಮಾತು ಬಿಟ್ಟಿದ್ದರು. ಲಗ್ನಗಳಲ್ಲಿ ಬ್ಯಾರೆ ಬ್ಯಾರೆ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಅಜ್ಜ ನಮ್ಮ ಜೊತೆಗಿದ್ದ. ಒಮ್ಮೆ ಕಾಲು ಒತ್ತಿಸಿಕೊಳ್ಳುತ್ತ, "ಶಿವೂ, ನೀನೂ ಮಲ್ಲೂನೂ ನಿಮ್ಮ ನಿಮ್ಮ ಪಾಲಿನ ವೈರಿಲೆ ಆಡ್ತೀರಿಲ್ಲೋ?" ಎಂದು ಕೇಳಿದ. "ಆಡ್ತೇವಿ ಅಜ್ಜಾ," ಅಂದೆ. "ಸಮ ಇತ್ತಿಲ್ಲೋ?" "ಸಮ ಇತ್ತು." ಅವನು ತಲೆದಿಂಬಿಗೆ ತಲೆ ಇಟ್ಟ. ನಾನು ಇನ್ನಷ್ಟು ಹೊತ್ತು ಕಾಲು ಒತ್ತಿದೆ.

ಅಜ್ಜ ತೀರಿಕೊಂಡಾಗ ಮಣ್ಣಿಗೆ ದೊಡ್ಡಪ್ಪ ಬಂದ, ಅಪ್ಪನ ಮಗ್ಗುಲಲ್ಲಿ ನಿಂತು ಹಿಡಿಮಣ್ಣು ಹಾಕಿ ಆಚೆ ಸರಿದ. ಮಲ್ಲಣ್ಣನಿಗೆ ಮೀಸೆ ಬಂದಿತ್ತು, ಹುಬ್ಬಿನೊಳಗೆ ಗಿರಣಿಯ ಹಿಟ್ಟು ಕುಂತಿತ್ತು. ನಾನು ಹತ್ತಿರ ಹೋಗಿ, "ದಿನದ ಕಾರ್ಯಕ್ಕ ಬರೂಮುಂದ ಮಷಿನ್ನು, ವೈರು ತಗೊಂಡ ಬರ್ತೀ?" ಅಂದೆ. ಅವನು ನನ್ನನ್ನೇ ನೋಡಿ, "ಇನ್ನೂ ಇಟ್ಟೀಯೇನಲೇ?" ಅಂದ. "ನೀ?" "ನಾನೂ ಇಟ್ಟೇನಿ."

ಕಾರ್ಯದ ಊಟ ಮುಗಿದ ಮೇಲೆ ಹಿತ್ತಲಲ್ಲಿ ಕುಂತೆವು. ನಾನು ಅಂಗಡಿಯಿಂದ ಬೆಸುಗೆ ಕಡ್ಡಿ ತಂದಿದ್ದೆ. ಎರಡೂ ತುಂಡಿನ ತುದಿ ಕೆರೆದು ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಕೂಡಿಸಿದೆ. ಮಲ್ಲಣ್ಣ ಹೊಗೆ ಊದುತ್ತ, "ಕೈ ಚಲೋ ಪಳಗೇತಿ ಬಿಡಲೇ," ಅಂದ. ಆ ಮಾತಿಗೆ ನನಗಾದಷ್ಟು ಸಂತೋಷವನ್ನು ಯಾವ ಗಿರಾಕಿಯೂ ಕೊಟ್ಟಿಲ್ಲ. ಹೊಸ ಸೆಲ್ಲು ಹಾಕಿ ಮಷಿನ್ನು ಹಚ್ಚಿದೆವು. ನನ್ನದರಲ್ಲಿ ಮಡ್ಡ, ಉಳಿದವು, ಎಲ್ಲ ಇದ್ದವು. ಅವನು ತನ್ನ ಪರದೆಯನ್ನು ಬಿಸಿಲಿಗೆ ಹಿಡಿದು ನೋಡಿದ, ಆರಿಸಿ ಮತ್ತೆ ಹಚ್ಚಿದ, ಕ್ಯಾಸೆಟ್ಟು ಕಿತ್ತು ಬಾಯಿಂದ ಊದಿ ಹಾಕಿದ. ಹೊಸ ಆಟ ಶುರು ಮಾಡು ಎಂಬ ಒಂದೇ ಸಾಲು ಬರುತ್ತಿತ್ತು. ಕ್ಯಾಸೆಟ್ಟಿನ ಹೊಟ್ಟೆಯಲ್ಲಿ ನೆನಪು ಹಿಡಿದಿಡುವ ಗುಂಡಿಯಂಥ ಒಂದು ಸೆಲ್ಲಿರುತ್ತದೆ. ಅದು ಯಾವಾಗಲೋ ಸತ್ತಿತ್ತು. ಟ್ರಂಕಿನ ಕತ್ತಲಲ್ಲಿ, ಅವನು ಹಾಳಿ ಸುತ್ತಿ ಜ್ವಾಕಿ ಮಾಡಿಟ್ಟ ಕಡೆಯೇ, ಕೆಂಚ ಹೋಗಿದ್ದ.

"ಸೆಲ್ಲ ನಾ ಬದಲ ಮಾಡ್ತೇನಿ," ಅಂದೆ. "ಮೊದಲಿಂದ ಶುರು ಮಾಡಿ ಒಂದೆರಡ ಹಿಡಿ. ಆಮ್ಯಾಲ ನನ್ನವ್ರಾಗ ಅರ್ಧಾ ಈ ವೈರಿಲೆ ನಿನಗ ಕಳಸ್ತೇನಿ. ಸಮ ಮಾಡೂನು."

ಅವನು ನಗಲು ನೋಡಿದ. "ಮೊದಲಿಂದ ಶುರು ಮಾಡಾಕ ನನಗೆಲ್ಲಿ ಪುರುಸೊತ್ತೋ ಶಿವ್ಯಾ? ನೀನಽ ಗೆದ್ದಿ ತಗೋ."

ಹೊರಗೆ ದೊಡ್ಡಪ್ಪ ಕರೆದ. ಮಲ್ಲಣ್ಣ ಮಷಿನ್ನನ್ನು ಕಿಸೆಗೆ ಹಾಕಿಕೊಂಡ. ವೈರನ್ನು ತನ್ನ ಕಡೆಯಿಂದ ಕಿತ್ತು ನನ್ನ ತೊಡೆಯ ಮೇಲಿಟ್ಟು ಎದ್ದ. ನಾನು ಬ್ಯಾಡ ಅನ್ನಲಿಲ್ಲ, ಮತ್ತೆ ಎರಡು ಪಾಲು ಮಾಡಲು ಕುಡಗೋಲನ್ನೂ ಕೇಳಲಿಲ್ಲ. ಈಗ ಅವನ ಗಿರಣಿ ದೊಡ್ಡದಾಗಿದೆ, ನನ್ನ ಅಂಗಡಿಯೂ. ಅವನ ಮೋಟರು ಸುಟ್ಟರೆ ಮುದ್ದೇಬಿಹಾಳದಲ್ಲೇ ಸುತ್ತಿಸುತ್ತಾನಂತೆ.

ವೈರು ನನ್ನ ಕಪಾಟಿನಲ್ಲಿದೆ, ಇಡಿಯಾಗಿ, ನಡುವೆ ಬೆಸುಗೆಯ ಗಂಟಿನ ಜೊತೆ. ಅದನ್ನು ಕಂಡಾಗೆಲ್ಲ ಅಜ್ಜನ ಪಾಲು ತಪ್ಪಿದಂತೆ ಅನಿಸುತ್ತದೆ. ಅರ್ಧ ಮಾತ್ರ ನನ್ನದು. ಹೋದ ಬ್ಯಾಸಗಿಯಲ್ಲಿ ಹಿನ್ನೀರು ಇಳಿದಾಗ ಹಳೇ ಊರಿನ ಕಡೆ ನಡೆದೆ. ಕೆಸರು ಒಣಗಿ ಬಿರಿದಿತ್ತು, ಮೀನಿನ ವಾಸನೆ ಇತ್ತು. ಗೋಡೆಗಳು ಕರಗಿ ಹೋಗಿ ನಮ್ಮ ಮನೆಯ ಕಲ್ಲಿನ ಕಟ್ಟೆ, ಹೊಸ್ತಿಲ ಕಲ್ಲು ಮಾತ್ರ ಉಳಿದಿದ್ದವು. ಪಡಸಾಲಿ ಇದ್ದದ್ದು ಇಲ್ಲೇ ಎಂದು ಅಂದಾಜಿನಲ್ಲಿ ಕುಂತೆ. ಮಾಳಿಗೆ ಇಲ್ಲ, ಬೆಳಕಿಂಡಿ ಇಲ್ಲ. ರೊಟ್ಟಿಯಷ್ಟು ಬಿಸಿಲಿನ ಹಿಂದೆ ಸರಿದು ಸರಿದು ಆಡಿದ ಜಾಗದಲ್ಲಿ ಈಗ ಎಲ್ಲಿ ಕುಂತರೂ ಬಿಸಿಲು.