ಸಂಜೆಗೆ ವಾಪಸು ಬರುತ್ತಿದ್ದ ನಳ

ಹಗರಿಬೊಮ್ಮನಹಳ್ಳಿಯ ನಮ್ಮ ಪುಟ್ಟ ಚರ್ಚಿಗೆ ನಾನು ಕಾರ್ಯದರ್ಶಿ. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕಂಡವರ ಅರ್ಜಿಗಳನ್ನು ಅನುಮಾನದಿಂದ ಓದಿ ನಿವೃತ್ತನಾದವನು. ಆ ಅಭ್ಯಾಸವೂ ಪಿಂಚಣಿಯ ಜೊತೆಗೇ ಮನೆಗೆ ಬಂತು.

ಚರ್ಚಿನ ಗೋಡೆಗೆ ಹೊಂದಿಕೊಂಡು ಬೀದಿಯ ನಳವಿದೆ. ನಾಲ್ಕು ದಿನಕ್ಕೊಮ್ಮೆ ನೀರು. ಕೊಡ ತುಂಬಿಸಿಕೊಂಡವರು ಬಂದ್ ಮಾಡದೆ ಹೋಗುತ್ತಿದ್ದರು, ಉಳಿದ ನೀರು ರಸ್ತೆಗೆ. ಭಕ್ತಿಯೆಂದರೆ ಭಾನುವಾರದ ಒಂದೂವರೆ ಗಂಟೆ ಮಾತ್ರವಲ್ಲ, ನಾಗರಿಕ ಕರ್ತವ್ಯವೂ ಅದರಲ್ಲೇ ಬರುತ್ತದೆ ಎಂದು ಸಭೆಯ ಮುಂದೆ ಘನಗಂಭೀರ ಭಾಷಣ ಮಾಡಿ, ಹರಪನಹಳ್ಳಿಯಿಂದ ಹೊಸ ನಮೂನೆಯ ನಳ ತಂದು ಹಾಕಿಸಿದೆ. ಒತ್ತಿ ಹಿಡಿದರಷ್ಟೇ ನೀರು, ಕೈ ಬಿಟ್ಟರೆ ತಾನೇ ಬಂದ್. ಮನುಷ್ಯರನ್ನು ನಂಬುವ ಅಗತ್ಯವೇ ಇಲ್ಲದ ನಳ. ನನಗೆ ಬಹಳ ಹಿಡಿಸಿತು.

ಮುಂದಿನ ಸಲ ನೀರು ಬಂದಾಗ ಅದು ಮಾಯ. ಬೋಳು ಪೈಪಿನಿಂದ ನೀರು ಸುರಿಯುತ್ತಿತ್ತು. ಸಂಜೆ ನೋಡಿದರೆ ನಳ ಸ್ವಸ್ಥಾನದಲ್ಲಿ ವಿರಾಜಮಾನ! ಮರುಸಲವೂ ಹಾಗೇ. ಕದಿಯುವ ಕಳ್ಳ ಅರ್ಥವಾಗುತ್ತಾನೆ; ಕದ್ದದ್ದನ್ನು ತಂದು ಕೂರಿಸುವವನ ತಲೆಯಲ್ಲಿ ಇನ್ನೇನೋ ದೊಡ್ಡ ಸಂಚಿರಬೇಕು. ಎದುರಿನ ಗ್ಯಾರೇಜಿನ ಸಾಯಿಬರ ಮೇಲೆ ನನ್ನ ಕಣ್ಣು ಬಿತ್ತು. ಪುರಾವೆ ಒಂದೇ, ಅವರ ಬಳಿ ನಟ್ಟು ತಿರುಗಿಸುವ ಪಾನಾ ಇತ್ತು. ಸಾಲದ್ದಕ್ಕೆ, ನನಗೆ ನಮಸ್ಕಾರ ಹೇಳುವಾಗ ನಗುತ್ತಿದ್ದರು.

ತಿಂಗಳ ಮೊದಲ ಭಾನುವಾರ, ಸಭೆಗೆಲ್ಲ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ದಿನವೇ, ನೀರಿನ ಸರದಿಯೂ ಬಂತು. ನಾನು ಕಿಟಕಿಯ ಪಕ್ಕ ಕೂತೆ. ಅಧಿಕಾರಿಗಳಿಗಾಗಿ ಮಾಡುವ ಉದ್ದನೆಯ ಪ್ರಾರ್ಥನೆಯಲ್ಲಿ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಸಾರ್ವಜನಿಕ ಸೇವೆಗೆ ತೆರೆದಿಟ್ಟೆ. ಸಾಯಿಬರು ನಳಕ್ಕೆ ಪಾನಾ ಹಾಕಿದ್ದೇ ತಡ, ಹೊರಗೆ ನುಗ್ಗಿದೆ.

"ಸಿಕ್ಕಿಬಿದ್ದ್ಯಲ್ಲೋ, ಕಳ್ಳ!"

"ಮೆಲ್ಲಕ ಮಾತಾಡ್ರಿ ಸರ. ಒಳಗ ಪ್ರಾರ್ಥನಿ ನಡದೈತಿ."

"ಯಾರು ಹೇಳಿ ಮಾಡಸಾಕತ್ಯಾರ?"

"ಅದನ್ನ ಹೇಳಂಗಿಲ್ರಿ. ಮಾತು ಕೊಟ್ಟೀನಿ."

ವಿಜಯಿಯಾಗಿ ಒಳಬಂದರೆ ಇಡೀ ಸಭೆ ಕಣ್ಣು ತೆರೆದು ಕೂತಿತ್ತು. ನಮ್ಮ ಪಾದ್ರಿ ಅಯ್ಯನವರು ರೊಟ್ಟಿಯ ತಟ್ಟೆಯ ಮುಂದೆ ನಿಂತು, ಯಾರ ಜೊತೆಗಾದರೂ ಮನಸ್ತಾಪವಿದ್ದವರು ಮೊದಲು ಅದನ್ನು ಸರಿಮಾಡಿಕೊಂಡು ಬರಬೇಕೆಂದು ಪ್ರತಿ ತಿಂಗಳಿನಂತೆ ಹೇಳಿದರು. ನಾನು ಕದಲಲಿಲ್ಲ. ಕಳ್ಳನನ್ನು ಹಿಡಿದವನಿಗೆ ಎಂಥ ಮನಸ್ತಾಪ?

ಹೆಂಗಸರ ಸಾಲಿನಿಂದ ನನ್ನ ಹೆಂಡತಿ ಎದ್ದು ನೇರ ನನ್ನ ಬಳಿ ಬಂದಳು.

"ಇದನ್ನ ಹೊಟ್ಟ್ಯಾಗ ಇಟಗೊಂಡು ರೊಟ್ಟಿ ತಗೊಳ್ಳಾಕ ನನಗಾಗಂಗಿಲ್ರಿ. ನಳ ಬಿಚ್ಚು ಅಂದಾಕಿ ನಾನು. ಸಂಜಿಕಿ ಹಚ್ಚು ಅಂದಾಕೀನೂ ನಾನ."

"ಯಾಕ?"

"ಅದನ್ನ ಒತ್ತಿ ಹಿಡದು ಹತ್ತು ಕೊಡ ತುಂಬಿ ನೋಡ್ರಿ, ಗೊತ್ತಾಗತೈತಿ."

"ನನಗ ಹೇಳಬೇಕಿಲ್ಲ?"

"ಹೇಳಿದ್ರ ಇನ್ನೊಂದು ಭಾಷಣ ಮಾಡ್ತಿದ್ರಿ."

ಹೆಂಗಸರ ಸಾಲಿಗೆ ಒಮ್ಮೆಲೇ ಕೆಮ್ಮು ಬಂತು. ಅಯ್ಯನವರು ನನ್ನತ್ತ ತಿರುಗಿ, "ಹೋಗಿ ಬರ್ರಿ. ನಾವು ಒಂದು ಕೀರ್ತನಿ ಹೆಚ್ಚಿಗೆ ಹಾಡ್ತೀವಿ," ಎಂದರು.

ಹೊರಗೆ ಹೋಗಿ ಕೈ ಜೋಡಿಸಿದೆ. "ತಪ್ಪಾತ್ರಿ ಸಾಯಿಬ್ರ. ಕಳ್ಳ ಅನ್ನಬಾರದಿತ್ತು."

"ಇರ್ಲಿ ಬಿಡ್ರಿ. ಈ ಅಜ್ಜಿದು ಒಂದು ಕೊಡ ತುಂಬಿಸಿಕೊಡ್ರಿ," ಎಂದು ಅವರು ಅರ್ಧ ಸಡಿಲಿಸಿದ್ದ ನಳವನ್ನು ಮತ್ತೆ ಬಿಗಿದರು.

ಒತ್ತಿದೆ. ಕೊಡ ಅರ್ಧವಾಗುವಷ್ಟರಲ್ಲಿ ಹೆಬ್ಬೆರಳು ಜೋಮು ಹಿಡಿಯಿತು. ಕೈ ಬದಲಿಸಿದೆ. "ಬಿಡಬ್ಯಾಡಪ್ಪಾ, ಇನ್ನಾ ತುಂಬಿಲ್ಲ," ಎಂದಿತು ಅಜ್ಜಿ. ಅಜ್ಜಿಯ ಹಿಂದೆ ಕೊಡಗಳ ಸಾಲು ಮೂಲೆಯವರೆಗೆ ಇತ್ತು. ನೀರು ಉಳಿಸಿದ ಕೀರ್ತಿ ನನ್ನದು, ಬೆರಳು ಮಾತ್ರ ಇವರದು. ಎರಡನೆಯ ಕೊಡಕ್ಕೆ ನಾನೇ ಪಾನಾ ಕೇಳಿದೆ.

ಸಾಯಿಬರು ಕೊಡುವ ಮುಂಚೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ವಾಪಸ್ ಕೊಡ್ತೀರಲ್ರಿ ಸರ?"

ನಳ ಬಿಚ್ಚಿ, ಪಾನಾ ವಾಪಸು ಕೊಟ್ಟು ಒಳಗೆ ಹೋದಾಗ ಕೀರ್ತನೆಯ ಕೊನೆಯ ಚರಣ ಎರಡನೆಯ ಸಲ ನಡೆದಿತ್ತು. ಒದ್ದೆ ಅಂಗೈಯಲ್ಲೇ ರೊಟ್ಟಿ ತೆಗೆದುಕೊಂಡೆ. ಆಚೆ ಸಾಲಿನಲ್ಲಿ ಹೆಂಡತಿ ಎರಡೂ ಕಣ್ಣು ಮುಚ್ಚಿ ಪರಮಭಕ್ತಿಯಿಂದ ನಿಂತಿದ್ದಳು. ಅಷ್ಟು ಭಕ್ತಿ ನೋಡಿದರೆ ನನಗೆ ಈಗಲೂ ಅನುಮಾನವೇ.