ಟ್ರಂಕಿನಲ್ಲಿ ಉಳಿದ ಲಕೋಟೆ

ಆ ಲಕೋಟೆಯನ್ನು ನಾನು ಓದಿದ್ದೆನೋ ಇಲ್ಲವೋ, ಖಾತ್ರಿಯಿಲ್ಲ. ಓದಿದ್ದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ವಿಜಯಪುರದ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಹಾಳೆ ಬಿಚ್ಚಿದ ಹಾಗೆ, ಇಂಗ್ಲಿಷ್ ಸಾಲುಗಳ ಮೇಲೆ ಕಣ್ಣಾಡಿಸಿದ ಹಾಗೆ ಒಂದು ಚಿತ್ರ ತಲೆಯಲ್ಲಿದೆ. ಹಾಳೆಯಲ್ಲಿ ಏನಿತ್ತು ಎಂದು ಕೇಳಿಕೊಂಡರೆ ಚಿತ್ರ ಅಲ್ಲಿಗೇ ನಿಲ್ಲುತ್ತದೆ. ಪುರಾವೆಯಿಲ್ಲದೆ ಏನನ್ನೂ ಒಪ್ಪಬಾರದು ಎಂದು ಕೊಲ್ಹಾಪುರದಲ್ಲಿ ಎಂ.ಎಸ್ಸಿ. ಓದುವಾಗ ಕಲಿತವನು ನಾನು. ನನ್ನ ನೆನಪಿಗೆ ಮಾತ್ರ ಆ ನಿಯಮ ಹಚ್ಚಿರಲಿಲ್ಲ.

ಖಾತ್ರಿಯಿರುವುದು ಇಷ್ಟು. ನನ್ನ ಅಕ್ಕನನ್ನು ನಮ್ಮೂರು ತಿಕೋಂಡಿಯಿಂದ ಸೊರಡಿಗೆ, ನಮ್ಮ ಸೋದರಮಾವನ ಮಗನಿಗೇ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆ ತವರಿನದು. ಐದನೆಯ ತಿಂಗಳಲ್ಲಿ ಕುಬಸದ ಶಾಸ್ತ್ರ ಮಾಡಿ ಅವ್ವ ಅವಳನ್ನು ಕರೆತಂದಳು. ಆರನೆಯ ತಿಂಗಳಲ್ಲಿ ನೋವು ಬಂತು. ವಿಜಯಪುರಕ್ಕೆ ಒಯ್ದೆವು. ಕೂಸು ಉಳಿಯಲಿಲ್ಲ. ಮನೆಗೆ ಕಳಿಸುವ ದಿನ ಆಸ್ಪತ್ರೆಯ ಕಿಟಕಿಯಿಂದ ಒಬ್ಬ ಸೋನೋಗ್ರಾಫಿಯ, ಅಂದರೆ ಹೊಟ್ಟೆಯ ಸ್ಕ್ಯಾನಿನ, ವರದಿಯಿದ್ದ ಲಕೋಟೆ ಚಾಚಿದ. ಇದರಲ್ಲಿ ಹೀಗಿದೆ, ಮುಂದೆ ಹೀಗೆ ಮಾಡಿ ಎಂದು ಯಾರೂ ಒಂದು ಮಾತು ಹೇಳಲಿಲ್ಲ. ತೆಗೆದುಕೊಂಡವನು ನಾನೇ.

ನಮ್ಮ ಮನೆತನದಲ್ಲಿ ಒಂದು ಕಟ್ಟಳೆಯಿದೆ. ಉಳಿಯದ ಬಸಿರಿಗೆ ಸೇರಿದ ಯಾವ ವಸ್ತುವೂ ಗಂಡನ ಮನೆಯ ಹೊಸ್ತಿಲು ದಾಟಬಾರದು. ಕುಬಸದ ಹಸಿರು ಸೀರೆ, ಬಳೆ, ಕೂಸಿನ ತಲೆಗೆಂದು ಹೊಲಿದಿಟ್ಟ ಕುಂಚಿಗಿ, ಎಲ್ಲವನ್ನೂ ಅವ್ವ ಟ್ರಂಕಿಗೆ ಹಾಕಿದಳು. ಜೊತೆಗೆ ಲಕೋಟೆಯನ್ನೂ. "ಏನಂತ ಬರದಾರೋ ಅದರಾಗ?" ಎಂದು ಕೇಳಿದಳಂತೆ. "ಏನೂ ಇಲ್ಲವಾ, ಎಲ್ಲಾ ಬರೋಬ್ಬರಿ ಐತಿ" ಎಂದು ನಾನು ಹೇಳಿದೆನಂತೆ. ಇದು ಅಕ್ಕನ ನೆನಪು. ಹಾಗೆ ಹೇಳಿದ್ದು ಡಾಕ್ಟರು ಎಂದು ಅವ್ವನ ವಾದ. "ಆಮ್ಯಾಲ ನೋಡೂಣು" ಅಂದಿದ್ದೆ ಎಂದು ನನ್ನದು. ಮೂವರು, ಮೂರು ಬಗೆ.

ಎರಡನೆಯ ಬಸಿರು ಸೊರಡಿಯಲ್ಲಿ. ಜತ್ತದ ಡಾಕ್ಟರು ಹಳೆಯ ಕಾಗದ ಕೇಳಿದರು. ಅಕ್ಕನ ಅತ್ತೆ, ಅಂದರೆ ನನಗೂ ಅತ್ತೆಯೇ, "ಅವು ತವರಮನ್ಯಾಗ ಅದಾವ್ರಿ. ಅಂಥಾವು ನಾವು ಮನಿಗೆ ತರೂದಿಲ್ರಿ" ಎಂದಳು. ಮೋಟರ್‌ಸೈಕಲ್ಲಿನಲ್ಲಿ ಹೋಗಿ ತರುವಷ್ಟೇ ದೂರ. ತನ್ನಿ ಎಂದು ಡಾಕ್ಟರು ಹಟ ಹಿಡಿಯಲಿಲ್ಲ. ಟಾನಿಕ್ಕು ಬರೆದು ಕಳಿಸಿದರು. ಐದನೆಯ ತಿಂಗಳಲ್ಲಿ ಅದೂ ಹೋಯಿತು.

ನಾನೂ ಅವ್ವನೂ ಸೊರಡಿಗೆ ಹೋದೆವು. ಒಳಗೆ ಅಕ್ಕ ಮಲಗಿದ್ದಳು. ಅವಳಿಗೆ ಕೇಳಲಿ ಎಂದೇ ಪಡಸಾಲೆಯಲ್ಲಿ ಅತ್ತೆ ದನಿ ಎತ್ತಿ ಅವ್ವನಿಗೆ ಹೇಳಿದಳು.

"ತುಂಬಿದ ಬಸರಿ, ಗಾಡಿ ಮ್ಯಾಲ ಕುಂತು ಜತ್ತದ ಬಾಜಾರಕ್ಕ ಹೋಗಿದ್ಲು. ಹ್ಯಾಂಗ ಉಳಿತದ ಹೇಳ್ರಿ ಅಕ್ಕಾರ?"

ಮಗಳ ಪರ ಮಾತಾಡಬೇಕಾದ ಅವ್ವ, "ಎಳ್ಳ ಹೋಳಿಗಿ ತಿನಬ್ಯಾಡ ಅಂದಿದ್ದೆ. ನನ್ನ ಮಾತ ಯಾವಾಗ ಕೇಳ್ಯಾಳ?" ಎಂದಳು.

ಇಬ್ಬರಿಗೂ ಬುದ್ಧಿ ಹೇಳಲು ನಾನು ಎದ್ದೆ. ಗಾಡಿಯೂ ಅಲ್ಲ, ಎಳ್ಳೂ ಅಲ್ಲ, ರಕ್ತಸಂಬಂಧದಲ್ಲಿ ಲಗ್ನ ಮಾಡಿದರೆ ಹೀಗೇ ಆಗುವುದು ಎಂದು ಭಾಷಣ ಬಿಗಿದೆ. ಅಕ್ಕನ ಒಂದು ಕಾಗದವನ್ನೂ ಮುಂದಿಟ್ಟುಕೊಳ್ಳದೆ.

"ನೋಡ್ರಿ ಅಕ್ಕಾರ, ನಿಮ್ಮ ಮಗಾ ಎಷ್ಟ ಶಾಣ್ಯಾ ಆಗ್ಯಾನ," ಎಂದಳು ಅತ್ತೆ. "ಅದ ಲಗ್ನದಾಗ ಎಲ್ಲಾರಕಿಂತ ನಾಕ ಹೋಳಿಗಿ ಜಾಸ್ತಿ ಹೊಡದಾಂವ ಇಂವನ." ಆಮೇಲೆ ದನಿ ಇಳಿಸಿ, "ಆತು ಬಿಡಪಾ. ಸಂಬಂಧ ಆಗಿಬರೂದಿಲ್ಲ ಅಂತ ನೀನ ಹೇಳಿದಿ. ಹೊರಗಿಂದ ಇನ್ನೊಂದು ಕನ್ಯಾ ನೋಡೂಣು."

ಅಕ್ಕನನ್ನು ಮನೆಯಿಂದ ಹೊರಗೆ ಹಾಕಲು ಅವಳಿಗೊಂದು ಕಾರಣ ಬೇಕಿತ್ತು. ಕೊಟ್ಟವನು ನಾನು. ಭಾವ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಕುಳಿತಿದ್ದ.

ಒಳಗಿನಿಂದ ಅಕ್ಕನ ದನಿ ಬಂತು. "ಅತ್ತಿ ಸಾಲಿ ಬ್ಯಾರೆ, ಅವ್ವನ ಸಾಲಿ ಬ್ಯಾರೆ, ನಿಂದು ದೊಡ್ಡ ಸಾಲಿ. ಎಲ್ಲಾರ ಪಾಠದಾಗೂ ಮನಿ ಬಿಟ್ಟು ಹೋಗಾಕಿ ಮಾತ್ರ ನಾನ." ಮತ್ತೆ ಗಂಡನಿಗೆ, "ಮೊದಲ ನನ್ನ ಮಿರಜಿನ ದವಾಖಾನಿಗೆ ಕರಕೊಂಡು ನಡೀರಿ. ಆಮ್ಯಾಲ ಬೇಕಾದ ಕನ್ಯಾ ನೋಡ್ರಿ."

ಅವಳು ಎದ್ದು ಓಡಾಡುವಂತಾದ ಮೇಲೆ ಹೋದೆವು, ಅಕ್ಕ, ಭಾವ, ನಾನು. ಮಿರಜಿನ ಡಾಕ್ಟರಮ್ಮ ಎಲ್ಲ ಪರೀಕ್ಷೆ ಮುಗಿಸಿ, ಕೇಸ್ ಪೇಪರಿನ ಹಿಂಬದಿಗೆ ತಲೆಕೆಳಗಾದ ಪೇರಲ ಹಣ್ಣಿನಂಥದ್ದೊಂದು ಚಿತ್ರ ಬರೆದರು. ನಡುವೆ ಮೇಲಿನಿಂದ ಕೆಳಕ್ಕೊಂದು ಗೆರೆ. ಮರಾಠಿಯಲ್ಲಿ ಅವರು ಬಿಡಿಸಿ ಹೇಳಿದ್ದು ಇದು. ಹೆಣ್ಣು ಕೂಸು ತಾಯಿಯ ಹೊಟ್ಟೆಯಲ್ಲಿರುವಾಗ ಅದರ ಗರ್ಭಕೋಶ ಮೊದಲು ಎರಡು ಕೊಳವೆಗಳಾಗಿ ಮೂಡುತ್ತದೆ. ಎರಡೂ ಕೂಡಿಕೊಂಡು, ನಡುವಿನ ಗೋಡೆ ಕರಗಿ, ಒಂದೇ ಕೋಣೆಯಾಗಬೇಕು. ಅಕ್ಕನಲ್ಲಿ ಆ ಗೋಡೆ ಕರಗಿರಲಿಲ್ಲ. ಬಸಿರು ಗೋಡೆಗೆ ಅಂಟಿಕೊಂಡರೆ ಅಲ್ಲಿ ಸಾಕಷ್ಟು ರಕ್ತ ಸಿಗದಿರಬಹುದು. ಬೆಳೆದರೂ ತಿರುಗಲು ಜಾಗ ಸಾಲದೆ ಕೂಸು ಅಡ್ಡಡ್ಡ ಇಲ್ಲವೇ ಕಾಲು ಕೆಳಗಾಗಿ ನಿಲ್ಲಬಹುದು, ದಿನ ತುಂಬುವ ಮೊದಲೇ ಬರಬಹುದು.

"ಗಾಡಿ ಮ್ಯಾಲ ಕುಂತಿದ್ನಿರಿ, ಅದಕ್ಕೇನರ..." ಅಕ್ಕ ಅರ್ಧಕ್ಕೇ ನಿಲ್ಲಿಸಿದಳು.

ಅವಳ ಮರಾಠಿ-ಕನ್ನಡ ಕೂಡಿದ ಮಾತು ಡಾಕ್ಟರಮ್ಮನಿಗೆ ತಿಳಿಯಿತು. "ನೀನು ಹುಟ್ಟುವ ಮೊದಲೇ ಆದದ್ದಕ್ಕೆ ಗಾಡಿ ಏನು ಮಾಡೀತು?" ಎಂದರು. ಸಂಬಂಧದಲ್ಲಿ ಲಗ್ನ ಮಾಡಿದ್ದಕ್ಕೆ ಹೀಗಾಯಿತೇ ಎಂದು ನಾನು ಕೇಳಿದೆ. ಹಾಗೆ ಹೇಳಲು ತಮ್ಮ ಬಳಿ ಯಾವ ಆಧಾರವೂ ಇಲ್ಲ ಎಂದರು. ಭಾವ ನನ್ನ ಕಡೆ ತಿರುಗಿ ನೋಡಿದ. ಅಷ್ಟು ದಿನಗಳಲ್ಲಿ ಅವನು ಮಾಡಿದ ಒಂದೇ ಸರಿಯಾದ ಕೆಲಸ ಅದು.

ಹೊಟ್ಟೆ ಕೊಯ್ಯದೆ, ಕೆಳಗಿನಿಂದ ಸಣ್ಣ ಕೊಳವೆಯಂಥ ದುರ್ಬೀನು ಹಾಕಿ ಆ ಗೋಡೆಯನ್ನು ಕತ್ತರಿಸಲು ಬರುತ್ತದಂತೆ. ಖಾತ್ರಿಯೇ ಎಂದೆ. ಇಲ್ಲ, ಇದರಿಂದ ಎಷ್ಟು ಉಪಯೋಗ ಎಂಬುದರಲ್ಲಿ ನಮ್ಮಲ್ಲೇ ಒಮ್ಮತವಿಲ್ಲ ಎಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಮೊದಲ ಮನುಷ್ಯರು ಅವರೇ. ಅಕ್ಕ ಒಪ್ಪಿದಳು.

ಏಳುವಾಗ ಅವರು ಕೇಳಿದರು. "ಮೊದಲ ಸಲದ ಸೋನೋಗ್ರಾಫಿ ಎಲ್ಲಿ? ಅದರಲ್ಲೇ ಸುಳಿವು ಸಿಕ್ಕಿರಬೇಕಲ್ಲ?"

ಮರಳುವಾಗ ಬಸ್ಸಿನಲ್ಲಿ ಅಕ್ಕ, "ನೀ ಓದಿದ್ದಿಯಲ್ಲ?" ಎಂದಳು. "ಓದಿದ್ದೆ. ಅದರಾಗ ಏನೂ ಇರಲಿಲ್ಲ" ಎಂದೆ. ಚಿತ್ರ ತಲೆಯಲ್ಲಿತ್ತಲ್ಲ, ಮೆಟ್ಟಿಲು, ಹಾಳೆ.

ಗೋಡೆ ಕತ್ತರಿಸಿದ ಮರುವರ್ಷ ಮಿರಜಿನಲ್ಲೇ ಹೆರಿಗೆಯಾಯಿತು. ಎಂಟು ತಿಂಗಳು ತುಂಬಿತ್ತು. ಕೂಸು ಕಾಲು ಕೆಳಗಾಗಿಯೇ ಇದ್ದುದರಿಂದ ಹೊಟ್ಟೆ ಕೊಯ್ದು ತೆಗೆದರು. ಹೆಣ್ಣು, ಮೈ ಸಣ್ಣದು, ದನಿ ದೊಡ್ಡದು. ತಿಕೋಂಡಿಯಲ್ಲಿ ತೊಟ್ಟಿಲಿಗೆ ಹಾಕುವ ದಿನ ಅತ್ತೆ ಎಲ್ಲರಿಗಿಂತ ಮೊದಲು ಬಂದಳು. ಆಡಿದ್ದಕ್ಕೆ ತಪ್ಪಾಯಿತು ಅನ್ನುವ ಜಾತಿಯಲ್ಲ ಅವಳು. "ಕಾಲ ಮುಂದ ಮಾಡಿದಾಕಿ. ನಮ್ಮ ಮನಿಗೆ ನಡಕೋತನ ಹೊಂಟಿದ್ಲು," ಎಂದು ಮೊಮ್ಮಗಳ ಗಲ್ಲ ಹಿಂಡಿದಳು.

"ಚಲೋ ಆತ್ರಿ, ಗಾಡಿ ಮ್ಯಾಲ ಹೊಂಟಿರಲಿಲ್ಲ," ಎಂದಳು ಅಕ್ಕ. ಅತ್ತೆ ಕೇಳಿಸದವಳ ಹಾಗೆ ತೊಟ್ಟಿಲು ತೂಗಿದಳು.

ಅವತ್ತೇ ಅಕ್ಕ ಟ್ರಂಕಿನಲ್ಲಿದ್ದ ಕುಂಚಿಗಿ ಕೇಳಿದಳು. ಅದನ್ನು ಮುಟ್ಟಬಾರದು ಎಂದು ಅವ್ವ ಅಡ್ಡ ಬಂದಳು. "ಗೋಡಿ ಇದ್ದದ್ದು ನನ್ನೊಳಗ. ಕುಂಚಿಗಿದೇನ ತಪ್ಪು?" ಎಂದಳು ಅಕ್ಕ. ಅವ್ವ ಕೀಲಿ ಕೊಟ್ಟಳು. ತೆರೆದವನು ನಾನು. ಕುಂಚಿಗಿಯ ಕೆಳಗೆ, ಹಸಿರು ಸೀರೆಯ ಮಡಿಕೆಯಲ್ಲಿ ಲಕೋಟೆಯಿತ್ತು. ಹಿತ್ತಲಿಗೆ ಒಯ್ದೆ.

ಗರ್ಭಕೋಶದಲ್ಲಿ ನಡುಗೋಡೆಯ ಸಂಶಯವಿದೆ, ಮತ್ತೊಮ್ಮೆ ಪರೀಕ್ಷಿಸಬೇಕು ಎಂದು ಕೊನೆಯ ಸಾಲಿನಲ್ಲಿ ಬರೆದಿತ್ತು. ಅದನ್ನು ಓದಲು ಲಕೋಟೆಯ ಬಾಯಿಗೆ ಹೊಡೆದಿದ್ದ ಎರಡು ಸ್ಟೇಪಲ್ ಪಿನ್ನುಗಳನ್ನು ನಾನು ಉಗುರಿನಿಂದ ಕೀಳಬೇಕಾಯಿತು. ತುಕ್ಕು ಹಿಡಿದಿದ್ದವು. ಹಿಂದೆ ಒಮ್ಮೆ ಬಿಚ್ಚಿ ಮತ್ತೆ ಪಿನ್ನು ಹೊಡೆದಿದ್ದರೆ ಇರಬೇಕಾದ ಬೇರೆ ತೂತುಗಳು ಲಕೋಟೆಯಲ್ಲಿರಲಿಲ್ಲ.